ಐದನೆಯ ಕಿಟ್ಟಿನ ಸೊನ್ನೆಗಳು

ಎರಡು ಕೆಂಪು ಸೊನ್ನೆಗಳು ನನ್ನನ್ನೇ ನೋಡುತ್ತಿದ್ದವು. ಕಾಲೇಜಿನ ಲ್ಯಾಬಿನಲ್ಲಿ ನನಗೆ ಸಿಕ್ಕಿದ್ದು ಐದನೆಯ ಕಿಟ್, ಕೀಗಳೂ ಕೆಂಪು ಅಂಕಿಗಳೂ ಇರುವ ಒಂದು ಪುಟ್ಟ ಕಂಪ್ಯೂಟರ್ ಹಲಗೆ. ಹತ್ತು ಸಂಖ್ಯೆಗಳನ್ನು ಕೂಡುವ ಪ್ರೋಗ್ರಾಮನ್ನು ಕೀ ಒತ್ತಿ ಒತ್ತಿ ಅದರ ಮೆಮೊರಿಗೆ ತುಂಬುತ್ತಿದ್ದೆ. ಏಳನೆಯ ಜಾಗದಲ್ಲಿ ಏನು ತುಂಬಿದರೂ, ತಿರುಗಿ ನೋಡಿದರೆ ಸೊನ್ನೆ ಸೊನ್ನೆ.

ತಪ್ಪು ನನ್ನ ಬೆರಳಿನದೆಂದೇ ನಂಬಿದೆ. ಕೇಳಿದರೆ ನಗುತ್ತಾರೆಂಬ ಭಯ. ಆ ಯಂತ್ರದ ಮಾತಿನಲ್ಲಿ ಸೊನ್ನೆ ಸೊನ್ನೆ ಎಂದರೆ ‘ಏನೂ ಮಾಡಬೇಡ, ಮುಂದೆ ಹೋಗು’. ಅದನ್ನು ಅಲ್ಲೇ ಬಿಟ್ಟು ಮಿಕ್ಕಿದ್ದನ್ನು ಒಂದು ಜಾಗ ಮುಂದಕ್ಕೆ ಸರಿಸಿದೆ. ಉತ್ತರ ಸರಿಯಾಗಿ ಬಂತು. ರೆಕಾರ್ಡ್ ಪುಸ್ತಕದಲ್ಲೂ ಹಾಗೇ ಬರೆದೆ. ಯಾರಿಗೂ ಹೇಳಲಿಲ್ಲ.

ಹಾಸ್ಟೆಲಿನಲ್ಲಿ ನನ್ನ ಕೋಣೆಯಲ್ಲಿದ್ದ ವಿಶಾಲಾಕ್ಷಿ ಮಧ್ಯಾಹ್ನದ ಬ್ಯಾಚಿನವಳು. ಒಂದು ಸಂಜೆ ಅವಳ ರೆಕಾರ್ಡು ಮೇಜಿನ ಮೇಲೆ ತೆರೆದಿತ್ತು. ಏಳನೆಯ ಸಾಲಿನಲ್ಲಿ ಅದೇ ‘ಏನೂ ಮಾಡಬೇಡ’.

“ಇದನ್ಯಾಕೆ ಹಾಕಿದೀಯ?” ಎಂದೆ.

“ಹಾಕ್ದಿದ್ರೆ ಅದು ಓಡಲ್ಲ ಕಣೇ. ನೀನ್ಯಾಕೆ ಪೊಲೀಸಿನವರ ಥರ ಕೇಳ್ತಿದೀಯ?” ಎಂದು ನಕ್ಕಳು.

ಆ ನಗು ನನಗೆ ಹಿಡಿಸಲಿಲ್ಲ. ಯಾರಾದರೂ ತೆರೆದರೆ ಗೊತ್ತಾಗಲೆಂದು ಅಂದೇ ನನ್ನ ರೆಕಾರ್ಡಿನ ಹಾಳೆಗಳ ನಡುವೆ ಒಂದು ನೀಲಿ ದಾರದೆಳೆ ಇಟ್ಟೆ. ಮರುದಿನ ಅದು ಇರಲಿಲ್ಲ. ಅವಳು ಕದ್ದು ನೋಡಿದ್ದಾಳೆಂದು ನಂಬಲು ನನಗೆ ಅಷ್ಟು ಸಾಕಾಯಿತು.

ಲ್ಯಾಬ್ ನೋಡಿಕೊಳ್ಳುತ್ತಿದ್ದ ತಿಪ್ಪೇಸ್ವಾಮಿ ಸರ್ ಹತ್ತಿರ ಹೋಗಿ ಹೇಳಿದೆ. ಅವರು ಇಬ್ಬರನ್ನೂ ಲ್ಯಾಬಿಗೆ ಕರೆಸಿದರು. “ಕಾಪಿ ಹೊಡೆದ ರೆಕಾರ್ಡಿಗೆ ನಾನು ಸಹಿ ಹಾಕಲ್ಲ. ಸಹಿ ಇಲ್ದಿದ್ರೆ ಪರೀಕ್ಷೆ ಇಲ್ಲ, ಗೊತ್ತಲ್ಲ?” ಎಂದರು. ಪರೀಕ್ಷೆ ತಪ್ಪಿದರೆ ಒಂದು ವರ್ಷವೇ ಹೋದಂತೆ. ವಿಶಾಲಾಕ್ಷಿಯ ಮುಖ ಬಿಳಿಚಿತು.

“ಈ ಸಾಲು ಯಾಕಮ್ಮ ಬಂತು?” ಮೊದಲು ನನ್ನನ್ನು ಕೇಳಿದರು.

“ಯೋಚನೆ ಮಾಡಿ ಹಾಕಿದ್ದು ಸರ್. ಯಂತ್ರಕ್ಕೆ ಸ್ವಲ್ಪ ಬಿಡುವು ಸಿಗಲಿ ಅಂತ.”

ಸುಳ್ಳು ಎಷ್ಟು ಸಲೀಸಾಗಿ ಬಂತು!

“ನೀನು?”

“ನಾನೇನೂ ಯೋಚ್ನೆ ಮಾಡ್ಲಿಲ್ಲ ಸರ್,” ಎಂದಳು ವಿಶಾಲಾಕ್ಷಿ. “ಐದನೇ ಕಿಟ್ಟಲ್ಲಿ ಆ ಜಾಗಕ್ಕೆ ಏನ್ ತುಂಬಿದ್ರೂ ಸೊನ್ನೇನೇ ಬರುತ್ತೆ. ಅದಕ್ಕೇ ಬಿಟ್ಟೆ.”

ಐದನೆಯ ಕಿಟ್. ಬೆಳಿಗ್ಗೆ ನಾನು ಎದ್ದು ಬಂದ ಕುರ್ಚಿಯಲ್ಲೇ ಮಧ್ಯಾಹ್ನ ಅವಳು ಕೂರುತ್ತಿದ್ದಳು. ಯಾವ ಕಿಟ್ ಎಂದು ನಾನು ಅವಳನ್ನು ಒಮ್ಮೆಯೂ ಕೇಳಿರಲಿಲ್ಲ.

ಸರ್ ಎದ್ದು ಕಿಟ್ಟಿನ ಸ್ವಿಚ್ ಹಾಕಿದರು. ಏಳನೆಯ ಜಾಗಕ್ಕೆ ಒಂದು ಸಂಖ್ಯೆ ತುಂಬಿ ತಿರುಗಿ ನೋಡಿದರು. ಎರಡು ಕೆಂಪು ಸೊನ್ನೆಗಳು. ಇನ್ನೊಂದು ತುಂಬಿದರು. ಮತ್ತೆ ಅವೇ.

“ಮೆಮೊರಿ ಕೆಟ್ಟಿದೆ,” ಎಂದರು. ಆಮೇಲೆ ನನ್ನತ್ತ ತಿರುಗಿದರು. “ಬಿಡುವು ಅಂದ್ಯಲ್ಲಮ್ಮ?”

ಅವರು ವಿಶಾಲಾಕ್ಷಿಯ ರೆಕಾರ್ಡಿಗೆ ಅಲ್ಲೇ ಸಹಿ ಹಾಕಿದರು. ನನ್ನದಕ್ಕೂ ಹಾಕಿದರು, ಪ್ರತಿ ಹಾಳೆಯನ್ನೂ ತಿರುವಿ ನೋಡಿದ ಮೇಲೆ.

ಸಂಜೆ ನಾನು ಹೊದೆಯುವ ಶಾಲು ಕೊಡವಿದಾಗ ಆ ನೀಲಿ ದಾರದೆಳೆ ಅದರ ಅಂಚಿನಲ್ಲೇ ಅಂಟಿಕೊಂಡಿತ್ತು. ವಿಶಾಲಾಕ್ಷಿ ಜಗಳವಾಡಲಿಲ್ಲ. “ಊಟಕ್ಕೆ ಬರ್ತೀಯೇನೆ?” ಎಂದು ಎಂದಿನಂತೆಯೇ ಕೇಳಿದಳು. ಹೊರಡುವ ಮುಂಚೆ ಮೇಜಿನ ಮೇಲಿದ್ದ ತನ್ನ ರೆಕಾರ್ಡನ್ನು ಎತ್ತಿ ಟ್ರಂಕಿನಲ್ಲಿಟ್ಟು ಬೀಗ ಹಾಕಿದಳು. ಬೀಗವನ್ನೊಮ್ಮೆ ಎಳೆದು ನೋಡಿದಳು. ಆಮೇಲೆ ನನ್ನತ್ತ ನೋಡಿದಳು. ಅವಳ ಕಣ್ಣುಗಳಲ್ಲಿ ಸಿಟ್ಟಿರಲಿಲ್ಲ, ಏನೂ ಇರಲಿಲ್ಲ.