ಅತ್ತೆಮನೆಗೆ ಹೋದವನ ಡೋಲು

“ಅತ್ತೆಮನೆಗೆ ಹೋದವನು ನಾಲ್ಕು ದಿನ ಹೆಚ್ಚಿಗೆ ನಿಲ್ತಾನಮ್ಮ. ಅಷ್ಟಕ್ಕೇ ಡೋಲು ಇಳಿಸು ಅಂತೀಯಲ್ಲ ತಂಗೀ!”

“ಎರಡು ಬೇಸಿಗೆ ಆಯ್ತು ದುನೋಮಣ್ಣ. ಯಾವ ಅತ್ತೆ ಅಳಿಯನಿಗೆ ಇಷ್ಟು ದಿನ ಊಟ ಹಾಕ್ತಾಳೆ?”

ಹಾಡುಗಾರ ದುನೋಮ, ಬೇಟೆಗಾರ ಕಚಲ್ಲಾನ ಹೆಂಡತಿ ಯಗಾನಾ, ಇಬ್ಬರೂ ನನ್ನ ಕೆಳಗೇ ಕೂತು ಮಾತಾಡುತ್ತಿದ್ದರು. ದುನೋಮನ ಮನೆಯ ಗೂಟಕ್ಕೆ ತೂಗುಬಿದ್ದ ಡೋಲು ನಾನು. ಚಾಡ್ ಸರೋವರದ ಸೀಮೆಯ ಕನೂರಿ ಜನರ ಒಂದು ಹಳ್ಳಿ ನಮ್ಮದು. ನಮ್ಮೂರ ಬೇಟೆಗಾರರ ಹಾಡಿನಲ್ಲಿ ಕಾಡೆಂದರೆ ಅತ್ತೆಮನೆ. ಕಾಡೆಮ್ಮೆ ಭಾವ, ಜಿಂಕೆ ನಾದಿನಿ. ಅಲ್ಲಿಗೆ ತಲೆ ತಗ್ಗಿಸಿ ಹೋಗಬೇಕು, ಕೊಟ್ಟದ್ದನ್ನು ತರಬೇಕು, ಇನ್ನಷ್ಟು ಕೊಡಿ ಅನ್ನಬಾರದು.

ನಾನೂ ಒಂದು ಕಾಲಕ್ಕೆ ಅಂಥ ನಾದಿನಿಯೇ. ಕಚಲ್ಲಾನ ಬಾಣಕ್ಕೆ ಬಿದ್ದೆ. ದುನೋಮ ನನ್ನ ಚರ್ಮವನ್ನು ಹುಣಸೆಯ ಕೊರಡಿಗೆ ಬಿಗಿದ. ಅಂದಿನಿಂದ ನನ್ನನ್ನು ಕೊಂದವನ ಹಾಡಿಗೆ ನಾನೇ ದನಿ. ಸಿಟ್ಟು ಬರಲಿಲ್ಲವೇ ಎಂದು ಕೇಳಬೇಡಿ. ಒಣಗಿದ ಚರ್ಮಕ್ಕೆ ಏಟು ಗೊತ್ತಾಗುತ್ತದೆ, ನೋವು ಗೊತ್ತಾಗುವುದಿಲ್ಲ.

ನಮ್ಮಲ್ಲಿ ಒಬ್ಬೊಬ್ಬ ಬೇಟೆಗಾರನಿಗೂ ಅವನದೇ ಹಾಡು, ಆ ಹಾಡಿಗೊಂದು ಡೋಲು. ಅವನು ಸತ್ತರೆ ಹಾಡುಗಾರ ಬಾಗಿಲಲ್ಲಿ ಕೂತು ಕೊನೆಯ ಸಲ ಹಾಡಿ, ಡೋಲಿನ ಹುರಿ ಸಡಿಲಿಸಿ, ಮನೆಯವರ ಕೈಗೆ ಕೊಟ್ಟು ಹೋಗುತ್ತಾನೆ. ಕಾಡಿಗೆ ಹೋದ ಕಚಲ್ಲಾನ ಹೆಣ ಸಿಕ್ಕಿರಲಿಲ್ಲ. ಹಾಗಾಗಿ ದುನೋಮ ಹಾಡಲೊಲ್ಲ. ಅವನು ಹಾಡುವವರೆಗೆ ಯಗಾನಾ ಗಂಡನ ಪಾಲಿನ ಸಜ್ಜೆ ಗಂಜಿ ಬೇಯಿಸುತ್ತಲೇ ಇರಬೇಕು, ಹೊಸಿಲಲ್ಲಿ ಇಡುತ್ತಲೇ ಇರಬೇಕು.

“ನಾಳೆ ಬಂದ್ಬಿಟ್ರೆ? ಹಾಡೇ ಇಲ್ದೆ ಹೇಗಿರ್ತಾನೆ?” ಎಂದ ದುನೋಮ.

“ಬಂದ್ರೆ ಹೊಸದು ಕಟ್ಟು. ನಿಂಗೇನು ಮಾತಿಗೆ ಬರವಾ?” ಯಗಾನಾ ನಗಲಿಲ್ಲ. “ಅಣ್ಣಾ, ಇವತ್ತು ಗಂಜಿ ತಿರುವ್ತಾ ಇದ್ದೆ. ಅವರ ಮುಖ ನೆನಪಿಗೆ ಬರ್ಲಿಲ್ಲ. ಯಾರಿಗೆ ಬೇಯಿಸ್ತಿದೀನಿ ನಾನು?”

ದುನೋಮ ಎದ್ದು ನನ್ನನ್ನು ಇಳಿಸಿದ. ಯಗಾನಾಳ ಬಾಗಿಲಲ್ಲಿ ಕೂತು ಹಾಡಿದ. ಅಳಿಯ ನಿಮ್ಮಲ್ಲೇ ಇರಲಿ ಅತ್ತೇ, ಅವನ ಬಟ್ಟಲು ನಾವು ತೊಳೆದಿಟ್ಟೆವು ಎಂದು ಕಾಡಿಗೆ ಹೇಳಿದ. ಅಂಗೈ ಬೆವರಿತ್ತು. ಆಮೇಲೆ ಹುರಿ ಬಿಚ್ಚಿದ. ನನಗೆ ಏಟು ಗೊತ್ತಾಗುವುದೂ ನಿಂತಿತು.

“ಬರ್ತೀನಿ ತಂಗಿ.”

“ಹೂಂ. ಹೋಗ್ಬಾ ಅಣ್ಣ.”

ಯಗಾನಾ ನನ್ನನ್ನು ಅಂಗಳದ ಮೂಲೆಯಲ್ಲಿಟ್ಟಳು. ಸಂಜೆ ಹೊಸಿಲಲ್ಲಿ ಗಂಜಿ ಇಡಲಿಲ್ಲ. ದಿನವೂ ಆ ಗಂಜಿ ನೆಕ್ಕುತ್ತಿದ್ದ ಆಡಿನ ಮರಿ ಬಂದು ಹೊಸಿಲು ಮೂಸಿತು, ಏನೂ ಸಿಗದೆ ನನ್ನ ಬಳಿ ಬಂತು. ಚರ್ಮದ ಮೇಲೆ ದುನೋಮನ ಬೆವರಿನ ಉಪ್ಪು ಇನ್ನೂ ಇತ್ತು. ಮರಿ ಅದನ್ನು ಪೂರ್ತಿ ನೆಕ್ಕಿತು.