ಹದಿನೇಳನೆಯ ಸಾಲು

ಪೆನಿಸಿಮಾನಿ ಮೇಷ್ಟ್ರ ಬೆರಳು ಹಾಳೆಯ ಮೇಲಿಂದ ಇಳಿಯುತ್ತ ಬಂದು ಹದಿನೇಳನೆಯ ಸಾಲಿನಲ್ಲಿ ನಿಂತಿತು. ನಿಲ್ಲುವುದಾದರೆ ಅಲ್ಲೇ ನಿಲ್ಲುತ್ತದೆಂದು ಲೋಸೇಲಿಗೆ ಮೊದಲೇ ಗೊತ್ತಿತ್ತು.

“ಇದು ಯಾರದು?”

“ಅಪ್ಪಂದು.”

“ತಲೆ ಸುತ್ತಳತೆ ಐವತ್ತೊಂಬತ್ತು. ಅಳೆದವರು ಯಾರು?”

ಲೋಸೇಲಿ ಕಿಟಕಿಯ ಕಡೆ ನೋಡಿದಳು. ಶನಿವಾರದ ಮಾರ್ಕೆಟ್ಟಿಗೆ ಹೊರಟ ಬಸ್ಸೊಂದು ಧೂಳೆಬ್ಬಿಸಿಕೊಂಡು ಹೋಯಿತು.

“ನಾನೇ ಅಂತ ಮಾತ್ರ ಹೇಳಬೇಡ ತಾಯಿ. ಅಪ್ಪನ ತಲೆ ಮುಟ್ಟಿದ ಮಗಳನ್ನ ಈ ಟೋಂಗಾದಲ್ಲಿ ನಾನಿನ್ನೂ ನೋಡಿಲ್ಲ. ಫಿಜಿಯಲ್ಲಿ ಕೂತು ಮಾರ್ಕ್ಸ್ ಹಾಕೋರಿಗೆ ಇದೆಲ್ಲ ಗೊತ್ತಾಗಲ್ಲ, ನಿಜ. ಆದ್ರೆ ಕೆಳಗಡೆ ಸೈನು ಹಾಕೋನು ನಾನು. ನನಗೂ ಒಬ್ಬ ಅಪ್ಪ ಇದ್ದ.” ಮೇಷ್ಟ್ರು ಹಾಳೆಯನ್ನು ಮೆಲ್ಲಗೆ ಅವಳತ್ತ ತಳ್ಳಿದರು. “ನಾಲ್ಕು ಗಂಟೆವರೆಗೂ ಇರ್ತೀನಿ. ನಿಜವಾದ್ದು ತಗೊಂಡು ಬಾ.”

ಗಡುವೇನೋ ಭಾನುವಾರದ್ದು. ಆದರೆ ಭಾನುವಾರ ಈ ದ್ವೀಪದಲ್ಲಿ ಚರ್ಚು, ಊಟ, ನಿದ್ದೆ ಬಿಟ್ಟು ಬೇರೆ ಕೆಲಸವಿಲ್ಲ. ಫಿಜಿಯ ವಿಶ್ವವಿದ್ಯಾಲಯದ ಈ ಪುಟ್ಟ ಕೇಂದ್ರಕ್ಕೂ ಬೀಗ. ಹಾಗಾಗಿ ಲೋಸೇಲಿಯ ಪಾಲಿಗೆ ಗಡುವೆಂದರೆ ಇವತ್ತು ನಾಲ್ಕು ಗಂಟೆ. ಮೂರು ಕೆಲಸ ಒಟ್ಟಿಗೆ ಬಂದು ಕೂತಿದ್ದವು. ಸಂಖ್ಯಾಶಾಸ್ತ್ರಕ್ಕೆ ಮೂವತ್ತು ಜನರ ತಲೆಯ ಸುತ್ತಳತೆ ತೆಗೆದು ಲೆಕ್ಕ ಹಾಕಬೇಕು. ಮಾನವ ಜೀವಶಾಸ್ತ್ರಕ್ಕೆ ಒಂದೇ ಮನೆಯ ಮೂರು ತಲೆಮಾರಿನಲ್ಲಿ ಯಾವುದು ಯಾರಿಂದ ಯಾರಿಗೆ ಬಂತೆಂದು ಬರೆಯಬೇಕು. ಸಾಹಿತ್ಯಕ್ಕೆ ಮನೆಯವರಲ್ಲಿ ಒಬ್ಬರನ್ನು ಎಂಟುನೂರು ಪದಗಳಲ್ಲಿ ಕಣ್ಣಿಗೆ ಕಟ್ಟುವಂತೆ ಚಿತ್ರಿಸಬೇಕು. ಮೊದಲ ಎರಡಕ್ಕೂ ಒಂದೇ ಅಳತೆ ಸಾಕೆಂದು ತಿಳಿದ ದಿನ ಅವಳಿಗೆ ಸ್ವರ್ಗ ಮೂರೇ ಗೇಣು ಅನ್ನಿಸಿತ್ತು. ಅಣ್ಣಂದಿರು, ಅವರ ಮಕ್ಕಳು, ಅಕ್ಕಪಕ್ಕದವರು, ಅವಳು ಕಲಿಸುವ ಶಾಲೆಯ ಆಯಾ, ಎಲ್ಲರೂ ನಗುತ್ತ ತಲೆಯೊಡ್ಡಿದ್ದರು. ಅಪ್ಪನನ್ನು ಕೇಳಲು ಮಾತ್ರ ಬಾಯಿ ಬಂದಿರಲಿಲ್ಲ. ಅವರ ತಲೆಯನ್ನು ಮಕ್ಕಳು ಯಾರೂ ಮುಟ್ಟುವಂತಿಲ್ಲ. ಪಾರ್ಶ್ವವಾಯು ಹೊಡೆದ ಮೇಲೆ ಅವರ ಬಲಗೈ ಮೇಲೇಳುವುದಿಲ್ಲ, ಟೇಪು ತಾವೇ ಸುತ್ತಿಕೊಳ್ಳಲಾರರು. ಅಮ್ಮ ಇದ್ದಿದ್ದರೆ ಬೇರೆ ಮಾತು. ಕೊನೆಗೆ ದೊಡ್ಡಣ್ಣನ ಅಳತೆಗೆ ಒಂದು ಸೆಂಟಿಮೀಟರ್ ಕೂಡಿಸಿ ಬರೆದುಬಿಟ್ಟಿದ್ದಳು. ಅಪ್ಪನದು ಅಣ್ಣನದಕ್ಕಿಂತ ಚಿಕ್ಕದಿರಲು ಸಾಧ್ಯವೇ ಇಲ್ಲ ಎಂಬುದರಲ್ಲಿ ಅವಳಿಗೆ ಅನುಮಾನವೇ ಇರಲಿಲ್ಲ.

ಸಂಖ್ಯಾಶಾಸ್ತ್ರಕ್ಕೆ ಕಟ್ಟುತ್ತಿರುವುದು ಇದು ಮೂರನೇ ಸಲ. ನಾಲ್ಕನೆಯದು ಇಲ್ಲ. ಡಿಗ್ರಿ ಇಲ್ಲದ ಶಿಕ್ಷಕಿಯರನ್ನು ವರ್ಷದ ಕೊನೆಗೆ ಬಿಡಿಸುವುದಾಗಿ ಶಾಲೆಯವರು ಹೇಳಿಯಾಗಿತ್ತು.

ಹಾಳೆ ಮಡಚಿಕೊಂಡು ಅವಳು ಮಾರ್ಕೆಟ್ಟಿಗೆ ನಡೆದಳು. ದಾರಿ ಉದ್ದವೇನಲ್ಲ, ಆದರೆ ವಾರವಿಡೀ ನಿದ್ದೆಗೆಟ್ಟ ಕಾಲುಗಳು ಒಂದೊಂದು ಹೆಜ್ಜೆಗೂ ಲಂಚ ಕೇಳುತ್ತಿದ್ದವು. ಅಲ್ಲಿ ಅವಳ ಸೋದರತ್ತೆಯ ಮಗಳು ಲಾವಿನಿಯಾ ಕೆಸುವಿನ ಗೆಡ್ಡೆಯ ರಾಶಿ ಮುಂದಿಟ್ಟುಕೊಂಡು ಬೀಸಣಿಗೆ ಬೀಸಿಕೊಳ್ಳುತ್ತಿದ್ದಳು. ಇಲ್ಲಿಯ ಪದ್ಧತಿಯಂತೆ ಸೋದರಮಾವನ ಮನೆಯಲ್ಲಿ ಸ್ವಂತ ಮಕ್ಕಳಿಗಿಲ್ಲದ ದರ್ಬಾರು ಸೋದರಿಯ ಮಕ್ಕಳದು. ಮಾವನ ತಟ್ಟೆಯಿಂದ ತಿನ್ನಬಹುದು, ಕಣ್ಣಿಗೆ ಬಿದ್ದದ್ದನ್ನು ಕೇಳಿಯೋ ಕೇಳದೆಯೋ ಒಯ್ಯಬಹುದು, ತಲೆಯನ್ನೂ ಮುಟ್ಟಬಹುದು. ಪ್ರತಿ ಶನಿವಾರ ಸಂಜೆ ಅಪ್ಪನ ತಲೆ ತೊಳೆಯಲು ಬರುತ್ತಿದ್ದವಳು ಇವಳೇ. ಇವಳನ್ನು ಮೊದಲೇ ಕೇಳಬಹುದಿತ್ತು. ಕೇಳಿದರೆ ಕಥೆಯೆಲ್ಲ ಹೇಳಬೇಕು, ಲಾವಿನಿಯಾಳ ಕಿವಿಗೆ ಬಿದ್ದದ್ದು ಊರಿಗೆ ಡಂಗುರ ಸಾರಿದಂತೆ.

“ಸಂಜೆ ಬರ್ತೀನಲ್ಲೇ, ತೊಳೆದ ಮೇಲೆ ಅಳೆದ್ರಾಯ್ತು” ಎಂದಳು ಲಾವಿನಿಯಾ.

“ನಾಲ್ಕಕ್ಕೆ ಮುಚ್ತಾರೆ. ಇದು ಮೂರನೇ ಸಲ ಕಣೇ. ಹೋದ್ರೆ ಕೆಲಸಾನೂ ಹೋಯ್ತು.”

ಬೀಸಣಿಗೆ ನಿಂತಿತು. “ಮೂರನೇ ಸಲಾನಾ? ನನ್ನ ಮಗಳು ಎಲ್ಲಾ ಒಂದೇ ಏಟಿಗೆ ಪಾಸು ಮಾಡ್ತಾಳೆ ಅಂತ ಮಾವ ಚರ್ಚಲ್ಲಿ ಕಂಡಕಂಡೋರಿಗೆಲ್ಲ ಹೇಳ್ತಿರ್ತಾರೆ.”

“ಅವರಿಗೆ ಗೊತ್ತಿಲ್ಲ.”

ಲಾವಿನಿಯಾ ಬೀಸಣಿಗೆಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಆಮೇಲೆ ಗೆಡ್ಡೆಗಳ ಮೇಲೆ ಗೋಣಿ ಎಳೆದು ಎದ್ದಳು. “ನಡಿ ಪಂಡಿತೆ. ನಾಳೆಗೆ ಅಂತ ಆಕ್ಟೋಪಸ್ ಮಾಡಿಟ್ಟಿದೀಯಂತಲ್ಲ, ಅದು ನಂದು.”

ಲೋಸೇಲಿ ಆಗಲಿ ಎಂದಳು. ಬೇರೇನು ಅಡುಗೆ ಮಾಡುವುದೆಂದು ಯೋಚಿಸಲೂ ಅವಳಲ್ಲಿ ತ್ರಾಣವಿರಲಿಲ್ಲ.

ಅಪ್ಪ ಲಿಸಿಯಾಟೆ ಜಗಲಿಯ ಕುರ್ಚಿಯಲ್ಲಿ ಕೂತು ಹಲಸಿನಂಥ ದೀವಿಗುಜ್ಜೆಯ ಬೇಯಿಸಿದ ಹೋಳುಗಳನ್ನು ಎಡಗೈಯಲ್ಲಿ ತಿನ್ನುತ್ತಿದ್ದರು. ಲಾವಿನಿಯಾ ಹೋದವಳೇ ಕುರ್ಚಿಯ ಕೈ ಮೇಲೆ ಕೂತು ಅವರ ತಟ್ಟೆಯಿಂದ ಒಂದು ಹೋಳು ಬಾಯಿಗೆ ಹಾಕಿಕೊಂಡಳು.

“ಮಾವ, ಸ್ವಲ್ಪ ತಲೆ ಕೊಡಿ.”

“ಯಾಕೆ, ನಿಂದೆಲ್ಲಿ ಹೋಯ್ತು?”

“ನಂದು ಖಾಲಿ. ನಿಮ್ಮ ಮಗಳಿಗೆ ತುಂಬಿರೋದು ಬೇಕಂತೆ, ಕಾಲೇಜಿಗೆ.”

ಅಪ್ಪ ಗೊಳ್ಳನೆ ನಕ್ಕರು. ಲೋಸೇಲಿ ಕೆಳಗೆ ಚಾಪೆಯ ಮೇಲೆ, ಅವರಿಗಿಂತ ತಗ್ಗಿನಲ್ಲಿ, ಪೆನ್ಸಿಲು ಹಿಡಿದು ಕೂತಳು. ಲಾವಿನಿಯಾಳ ಬೆರಳುಗಳು ಅಪ್ಪನ ಕೂದಲೊಳಗೆ ಹೊಕ್ಕು, ಕಿವಿಯ ಮೇಲಿನದನ್ನು ಸರಿಸಿ, ಹಣೆಯನ್ನು ಒರೆಸಿ ಟೇಪು ಸುತ್ತಿದವು. ಅಪ್ಪ ಕಣ್ಣು ಮುಚ್ಚಿದರು. ಊಟ ಬಡಿಸುವವಳು ನಾನು, ಬೆನ್ನುಜ್ಜುವವಳು ನಾನು, ಕಾಲೊತ್ತುವವಳು ನಾನು ಎಂದು ಲೋಸೇಲಿಗೆ ಹೊಟ್ಟೆ ಉರಿಯಿತು. ಮೂವತ್ತಾರು ವರ್ಷದಲ್ಲಿ ತನ್ನ ಕೈಗೆ ಆ ಕೂದಲು ಮೆತ್ತಗೋ ಒರಟೋ ಗೊತ್ತಿಲ್ಲ.

“ಐವತ್ನಾಲ್ಕು.”

“ಸರಿಯಾಗಿ ನೋಡು.”

ಲಾವಿನಿಯಾ ಬಿಚ್ಚಿ ಮತ್ತೆ ಸುತ್ತಿದಳು. “ಐವತ್ನಾಲ್ಕು. ನಾಲ್ಕನೇ ಕ್ಲಾಸಿಗೆ ಸ್ಕೂಲು ಬಿಟ್ರೂ ಅಂಕಿ ಓದೋಕೆ ಬರುತ್ತೆ ನಂಗೆ. ಬೇಕಾದ್ರೆ ನೀನೇ ಎದ್ದು ನೋಡು.”

ಲೋಸೇಲಿ ಮೊಣಕಾಲ ಮೇಲೆ ಎದ್ದಳು, ಆಮೇಲೆ ಪೂರ್ತಿ ನಿಂತಳು. ಎರಡು ಗೇಣು ದೂರದಿಂದ ಬಗ್ಗಿ ನೋಡಿದಳು. ಅಪ್ಪನ ನೆತ್ತಿಯನ್ನು ಅವಳು ಮೇಲಿನಿಂದ ಕಂಡದ್ದು ಇದೇ ಮೊದಲು. ಅಲ್ಲಿ ಕೂದಲು ತೆಳ್ಳಗಾಗಿ ಕಂದು ಮಚ್ಚೆಗಳು ಎದ್ದಿದ್ದವು. ಹಳದಿ ಟೇಪು ಐವತ್ತನಾಲ್ಕರ ಮೇಲೆ ಸರಿಯಾಗಿ ಕೂತಿತ್ತು. ಅವಳು ಅಳೆದ ಗಂಡಸರಲ್ಲೆಲ್ಲ ಇದೇ ಚಿಕ್ಕದು.

“ಎಷ್ಟಂತೆ?” ಕಣ್ಣು ತೆರೆಯದೆ ಅಪ್ಪ ಕೇಳಿದರು.

“ಐವತ್ನಾಲ್ಕು, ಅಪ್ಪ.”

“ಅದು ಪಾಸಾ?”

ಲಾವಿನಿಯಾ ಟೇಪು ಬಿಚ್ಚುತ್ತ ಲೋಸೇಲಿಯ ಕಡೆ ನೋಡಿದಳು.

“ಪಾಸು” ಎಂದಳು ಲೋಸೇಲಿ.

“ಮತ್ತೆ” ಎಂದರು ಅಪ್ಪ, ತಟ್ಟೆಗೆ ಕೈ ಹಾಕುತ್ತ. “ನಾನೇನು ಸುಮ್ಮನೆ ಹೇಳ್ತೀನಾ ಜನಕ್ಕೆ.”

ಕೇಂದ್ರಕ್ಕೆ ಮರಳಿದಾಗ ಗಂಟೆ ಮೂರೂಕಾಲು. ಪೆನಿಸಿಮಾನಿ ಮೇಷ್ಟ್ರು ತಿದ್ದಿದ ಅಂಕಿ ನೋಡಿ, “ಯಾರು?” ಎಂದರು. ಅತ್ತೆ ಮಗಳು ಎಂದದ್ದಕ್ಕೆ ತಲೆಯಾಡಿಸಿ ಸೈನು ಹಾಕಿದರು. ಲೋಸೇಲಿ ಕಂಪ್ಯೂಟರಿನ ಮುಂದೆ ಕೂತು ಲೆಕ್ಕವನ್ನೆಲ್ಲ ಮತ್ತೆ ಮಾಡಿದಳು. ಐದು ಸೆಂಟಿಮೀಟರ್ ಕಳೆದರೂ ಮೂವತ್ತು ಜನರ ಸರಾಸರಿ ಎರಡು ಮಿಲಿಮೀಟರಿನಷ್ಟೂ ಇಳಿಯಲಿಲ್ಲ. ಅದನ್ನು ಕಳಿಸಿದಳು. ಜೀವಶಾಸ್ತ್ರದ್ದರಲ್ಲಿ ಅಣ್ಣನ ತಲೆ ಅಪ್ಪನಿಂದ ಬಂದದ್ದೆಂದು ಬರೆದಿದ್ದ ಭಾಗ ಹೊಡೆದುಹಾಕಿ, ಅಮ್ಮನ ಕಡೆಯಿಂದ ಇರಬಹುದೆಂದು ಎರಡು ಸಾಲು ಸೇರಿಸಿ ಅದನ್ನೂ ಕಳಿಸಿದಳು.

ಉಳಿದದ್ದು ಸಾಹಿತ್ಯದ್ದು. ಅದು ಹೋದ ವಾರವೇ ಮುಗಿದಿತ್ತು, ಒಮ್ಮೆ ಕಣ್ಣಾಡಿಸಿದರೆ ಸಾಕಿತ್ತು. ‘ನಮ್ಮಪ್ಪ ಚರ್ಚಿನಲ್ಲಿ ಮುಂದೆ ಕೂತರೆ ಅವರ ತಲೆ ಅಡ್ಡ ಬಂದು ಹಿಂದಿನ ಮೂರು ಬೆಂಚಿನವರಿಗೆ ಪಾದ್ರಿ ಕಾಣುವುದಿಲ್ಲ’ ಎಂದು ಅದು ಶುರುವಾಗುತ್ತಿತ್ತು. ಅವಳು ಆ ಸಾಲಿನ ಕೊನೆಗೆ ಕರ್ಸರ್ ತಂದು ನಿಲ್ಲಿಸಿದಳು. ಬೆರಳು ಅಳಿಸುವ ಕೀಲಿಯ ಮೇಲಿತ್ತು. ಕರ್ಸರ್ ಮಿನುಗುತ್ತಲೇ ಇತ್ತು. ಹಿಂದೆ ಮೇಷ್ಟ್ರು ಒಂದೊಂದಾಗಿ ಕಿಟಕಿ ಮುಚ್ಚುತ್ತ ಬರುತ್ತಿದ್ದರು.

“ಆಯ್ತೇನಮ್ಮ?”

“ಆಯ್ತು ಮೇಷ್ಟ್ರೇ” ಎಂದು, ಒಂದಕ್ಷರವನ್ನೂ ಮುಟ್ಟದೆ ಅವಳು ಕಳಿಸಿಬಿಟ್ಟಳು.