ಹಲಗೆಗೆ ಬಿದ್ದ ಮೂರು ಮಾತು

ಕುರ್ಚಿ ರಿಪೇರಿಯ ಆ ಕಾರ್ಖಾನೆಯಲ್ಲಿ ಯಜಮಾನ್ತಿಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತಿತ್ತು. ಮುರಿದ ಕಾಲು, ಹರಿದ ಸೀಟು, ಬಿರುಕು ಬಿಟ್ಟ ಬೆನ್ನು, ಇವನ್ನೆಲ್ಲ ಅವಳು ಸಹಿಸಿಕೊಳ್ಳುತ್ತಿದ್ದಳು. ಅದೇ ಕಸುಬಲ್ಲವೇ, ಅಪ್ಪನಿಂದ ಬಂದದ್ದು. ಸಹಿಸಲಾಗದ್ದು ಮಾತು. ಎಲ್ಲ ಮಾತೂ ಅಲ್ಲ, ಕೆಲವು ಬಾಯಿಗಳಿಗೆ ಅಂಟಿಕೊಂಡೇ ಇರುವ ಮಾತು.

ಗರಗಸದ ಮೆಷಿನ್ ನಡೆಸುವವನು ಬಾಯಿ ತೆರೆದರೆ ಮೊದಲು ಬರುತ್ತಿದ್ದದ್ದು ‘ಏನಪ್ಪಾ ಅಂದ್ರೆ’. ಮುಂದೆ ಏನೋ ಭಾರಿ ಗುಟ್ಟು ಹೊರಬೀಳುತ್ತದೆ ಅಂತ ಕಾದರೆ, ‘ಏನಪ್ಪಾ ಅಂದ್ರೆ, ಮೆಷಿನ್ ಹಾಕ್ತಿದೀನಿ’ ಅನ್ನುತ್ತಿದ್ದ. ಹಾಕಪ್ಪ, ಕಣ್ಣಿದ್ದವರಿಗೆಲ್ಲ ಕಾಣುತ್ತದಲ್ಲ! ಸೀಟಿಗೆ ಸ್ಪಂಜು ತುಂಬಿ ಬಟ್ಟೆ ಹೊಡೆಯುವವನದು ಇನ್ನೊಂದು ರೋಗ. ‘ತಳ್ಳುಗಾಡಿ ಇಲ್ಲೇ ನಿಲ್ಸಿದೀನಿ, ಅರ್ಥ ಆಯ್ತಾ?’ ‘ಬೆಂಚು ಈ ಕಡೆ ಎಳ್ದಿದೀನಿ, ಅರ್ಥ ಆಯ್ತಾ?’ ಅದರಲ್ಲಿ ಅರ್ಥವಾಗದೇ ಇರುವುದಕ್ಕೆ ಏನಿದೆ? ಪಾಲಿಶ್ ಹಚ್ಚುವವಳು ಯಜಮಾನ್ತಿಯ ಸ್ವಂತ ಚಿಕ್ಕಮ್ಮ, ಬೈಯುವ ಹಾಗೂ ಇಲ್ಲ. ‘ನೆಲ ಒದ್ದೆ ಇದೆ. ನಂಗೇನು, ಹೇಳ್ದೆ ಅಷ್ಟೆ.’ ದಿನಕ್ಕೆ ನಲವತ್ತು ಸಲ ಇದನ್ನು ಕೇಳಿ ಕೇಳಿ ಯಜಮಾನ್ತಿಗೆ ಮೈ ಪರಚಿಕೊಳ್ಳುವಂತಾಗುತ್ತಿತ್ತು.

ಇವರೆಲ್ಲರ ನಡುವೆ, ಕಿಟಕಿಯ ಕೆಳಗಿನ ಮಣೆಯ ಮೇಲೆ, ತಮ್ಮ ಪಾಡಿಗೆ ತಾವು ಸೀಟು ಹೆಣೆಯುತ್ತಿದ್ದವರು ಬೆತ್ತದಜ್ಜ. ಏಳನೇ ವಯಸ್ಸಿಗೆ ಕಣ್ಣು ಹೋದವರು. ಯಜಮಾನ್ತಿಯ ಅಪ್ಪನ ಕಾಲದಿಂದ ಅಲ್ಲೇ ಕೆಲಸ. ಬೆಳಿಗ್ಗೆ ಬಂದು ಕೋಲನ್ನು ಬಾಗಿಲ ಹಿಂದೆ ಒರಗಿಸಿದರೆ ಸಂಜೆಯವರೆಗೆ ಅದನ್ನು ಮುಟ್ಟುತ್ತಿರಲಿಲ್ಲ. ಬೆತ್ತ ನೆನೆಹಾಕಿದ ತೊಟ್ಟಿ ಕೋಣೆಯ ಆ ತುದಿಯಲ್ಲಿತ್ತು. ಗರಗಸ, ಗಾಡಿ, ಪಾಲಿಶ್ ಡಬ್ಬಿಗಳ ನಡುವೆ ಹಾದು ಅಲ್ಲಿಗೆ ಹೋಗಿ, ಒದ್ದೆ ಬೆತ್ತವನ್ನು ಹೆಗಲಿಗೆ ಹಾಕಿಕೊಂಡು ನೆಟ್ಟಗೆ ವಾಪಸು ಬರುತ್ತಿದ್ದರು. ಎಷ್ಟೋ ವರ್ಷದ ರೂಢಿ ಅಂತ ಎಲ್ಲರೂ ತಿಳಿದಿದ್ದರು. ಕೋಣೆಯಲ್ಲಿ ಒಂದು ಸಾಮಾನೂ ಎರಡು ದಿನ ಒಂದೇ ಕಡೆ ಇರುತ್ತಿರಲಿಲ್ಲ ಅನ್ನುವುದು ಯಾರಿಗೂ ಹೊಳೆದಿರಲಿಲ್ಲ.

ಒಂದು ಮಧ್ಯಾಹ್ನ ಯಜಮಾನ್ತಿಗೆ ತಡೆಯಲಾಗಲಿಲ್ಲ. ಊಟದ ಬಿಡುವಿನಲ್ಲಿ, ಕೆಲಸದ ಪಟ್ಟಿ ಬರೆಯುವ ಕರಿಹಲಗೆಯನ್ನು ಒರೆಸಿ, ಈ ಮೂರು ಮಾತನ್ನೂ ದಪ್ಪಗೆ ಬರೆದು, ಕೆಳಗೆ ಗೆರೆ ಎಳೆದಳು. ಇವನ್ನು ಆಡಿದವರು ಆ ದಿನದ ಮರದ ಹೊಟ್ಟನ್ನೆಲ್ಲ ಗುಡಿಸಬೇಕು ಎಂದೂ ಬರೆದಳು. ಗರಗಸದವನು ಓದಿ ತಲೆ ಕೆರೆದುಕೊಂಡ. ಚಿಕ್ಕಮ್ಮ ಮುಖ ಊದಿಸಿದಳು. ಅಂತೂ ಎಲ್ಲರೂ ಒಪ್ಪಿದರು. ಅಜ್ಜ ಹೊರಗೆ ಜಗಲಿಯ ಮೇಲೆ ಊಟ ಮಾಡುತ್ತಿದ್ದರು.

ಮೊದಲ ದಿನ ಮೂವರೂ ಹೊಟ್ಟು ಗುಡಿಸಿದರು. ಎರಡನೇ ದಿನ ಒಬ್ಬರೇ. ಮೂರನೇ ದಿನದಿಂದ ಪೊರಕೆಗೆ ಕೆಲಸವೇ ಇಲ್ಲದಂತಾಯಿತು. ಯಾಕೆಂದರೆ ಮಾತೇ ನಿಂತುಹೋಗಿತ್ತು. ಗರಗಸದವನಿಗೆ ಆ ಎರಡು ಪದ ಇಲ್ಲದೆ ಮಾತು ಶುರು ಮಾಡಲು ಬರುತ್ತಿರಲಿಲ್ಲ, ಸ್ಪಂಜಿನವನಿಗೆ ಮುಗಿಸಲು ಬರುತ್ತಿರಲಿಲ್ಲ. ಚಿಕ್ಕಮ್ಮನಂತೂ ಬಾಯಿಗೆ ಬೀಗ ಹಾಕಿಕೊಂಡಳು. ಕೋಣೆಯಲ್ಲಿ ಉಳಿದದ್ದು ಮೆಷಿನ್ ಸದ್ದು, ಸುತ್ತಿಗೆ ಸದ್ದು. ಆಹಾ, ಎಂಥ ನೆಮ್ಮದಿ ಅಂದುಕೊಂಡಳು ಯಜಮಾನ್ತಿ.

ನಡುವೆ ಅಜ್ಜನ ಕೈ ನಿಧಾನವಾಗಿದ್ದನ್ನು ಅವಳು ಗಮನಿಸಿದಳು. ವಯಸ್ಸು ಅಂದುಕೊಂಡಳು. ಬೆತ್ತ ತರಲು ಎದ್ದವರು ಗೋಡೆ ಹಿಡಿದು ಹೋಗುತ್ತಿದ್ದರು. ಮಂಡಿನೋವು ಅಂದುಕೊಂಡಳು. ಎಂಟನೇ ದಿನ ಅವರು ಗಾಡಿಗೆ ಎಡವಿ ಬಿದ್ದರು. ಬಿದ್ದ ಕೈಯಿಂದ ಒಂದು ಗೇಣು ಆಚೆಗೆ ಗರಗಸ ತಿರುಗುತ್ತಿತ್ತು. ಗರಗಸದವನು ಓಡಿಬಂದು ಎತ್ತಿ ಕೂರಿಸಿದ, ಚಿಕ್ಕಮ್ಮ ನೀರು ಕೊಟ್ಟಳು. ಇಬ್ಬರ ಬಾಯಿಂದಲೂ ಒಂದು ಮಾತು ಹೊರಡಲಿಲ್ಲ.

ಮರುದಿನ ಬೆಳಿಗ್ಗೆ ಅಜ್ಜ ಕೋಲನ್ನು ಕೈಯಲ್ಲೇ ಹಿಡಿದು ಬಂದರು. ತಮ್ಮ ಚೂರಿ, ದಬ್ಬಳ, ಮರದ ಗೂಟಗಳನ್ನು ಚೀಲಕ್ಕೆ ಹಾಕಿಕೊಂಡು ಯಜಮಾನ್ತಿಯ ಮೇಜಿನ ಮುಂದೆ ನಿಂತರು.

“ನಾಳೆಯಿಂದ ಬರಲ್ಲಮ್ಮ” ಎಂದರು.

“ಬಿದ್ದಿದ್ದಕ್ಕೆ ಹೆದರ್ಕೊಂಡ್ರಾ? ಎರಡು ದಿನ ಸುಧಾರಿಸ್ಕೊಳಿ.”

“ಬಿದ್ದಿದ್ದು ದೊಡ್ಡದಲ್ಲ. ಒಂದು ವಾರ ಆಯ್ತು, ಇಲ್ಲಿ ಯಾರೂ ನನ್ ಹತ್ರ ಮಾತಾಡ್ತಿಲ್ಲ. ನಾನು ಬಂದ್ರೆ ಎಲ್ರೂ ಸುಮ್ನಾಗ್ತಾರೆ. ಕಣ್ಣಿಲ್ದಿದ್ರೂ, ಮುಖ ತಿರುಗಿಸೋದು ಗೊತ್ತಾಗುತ್ತಮ್ಮ. ಮುದುಕ ಭಾರ ಆದ ಅಂತ ಬಾಯಿಬಿಟ್ಟು ಹೇಳಿದ್ರೂ ಬೇಜಾರ್ ಮಾಡ್ಕೋತಿರ್ಲಿಲ್ಲ.”

ಯಜಮಾನ್ತಿ ತಲೆಯೆತ್ತಿ ಹಲಗೆ ನೋಡಿದಳು. ಕೋಣೆಯ ಯಾವ ಮೂಲೆಯಿಂದ ನೋಡಿದರೂ ಎದ್ದು ಕಾಣುವ ಹಾಗೆ ಬರೆದಿದ್ದಳು. ಯಾರಾದರೂ ಹೇಳಿರುತ್ತಾರೆ ಅಂತ ಅವಳು, ಅವಳು ಹೇಳಿರುತ್ತಾಳೆ ಅಂತ ಉಳಿದವರು. ಬರೆದದ್ದನ್ನು ಓದಲಾರದ ಒಬ್ಬರೇ ಒಬ್ಬರಿಗೆ ಯಾರೂ ಹೇಳಿರಲಿಲ್ಲ. ನಾಚಿಕೆಯಿಂದ ಅವಳ ಕಿವಿ ಬಿಸಿಯಾಯಿತು.

ಅಜ್ಜನನ್ನು ಕೂರಿಸಿ ಎಲ್ಲ ಹೇಳಿದಳು. ಯಾವ ಮಾತು, ಯಾಕೆ ಬರೆದೆ, ಪೊರಕೆಯ ಕಥೆ ಸಮೇತ. ಅಜ್ಜ ಚೀಲವನ್ನು ಕಾಲಬಳಿ ಇಳಿಸಿದರು.

“ಅವು ಇಲ್ದೆ ನಾನು ಹೆಂಗಮ್ಮ ಓಡಾಡ್ಲಿ?” ಎಂದರು. “ಮೆಷಿನ್ ಸದ್ದು ಕೋಣೆಯೆಲ್ಲ ತುಂಬಿರುತ್ತೆ, ಎಲ್ಲಿಂದ ಅಂತ ತಿಳಿಯಲ್ಲ. ಅವನು ‘ಏನಪ್ಪಾ ಅಂದ್ರೆ’ ಅಂತಂದ್ರೆ ಗರಗಸ ಆ ಕಡೆ, ಎರಡ್ಹೆಜ್ಜೆ ದೂರ ಹೋಗ್ಬೇಕು. ‘ಅರ್ಥ ಆಯ್ತಾ’ ಅಂದಲ್ಲಿ ಗಾಡಿ. ಚಿಕ್ಕಮ್ಮ ಎಲ್ಲಿ ‘ಹೇಳ್ದೆ ಅಷ್ಟೆ’ ಅಂತಾಳೋ ಅಲ್ಲಿ ನೆಲ ಜಾರುತ್ತೆ. ನಿಮ್ಗೆ ಅದು ಕಿರಿಕಿರಿ. ನಂಗೆ ಅದೇ ಗೋಡೆ, ಅದೇ ದಾರಿ.”

ಕಣ್ಣಿದ್ದವರಿಗೆ ಕಾಣುತ್ತದಲ್ಲ ಅಂತ ಯಜಮಾನ್ತಿ ಸಿಡುಕಿದ ಅಷ್ಟೂ ಮಾತು ಕಣ್ಣಿಲ್ಲದವರೊಬ್ಬರಿಗೆ ಸೇರಬೇಕಾದ ಸುದ್ದಿಯಾಗಿತ್ತು. ಹೇಳುತ್ತಿದ್ದವರಿಗಾದರೂ ಅದು ಗೊತ್ತಿತ್ತೇ? ಇರಲಿಲ್ಲ. ಇಷ್ಟು ವರ್ಷ, ಯಾರಿಗೂ ತಿಳಿಯದೆ, ಆ ಕೋಣೆಯ ಎಲ್ಲರೂ ಸೇರಿ ಒಬ್ಬರನ್ನು ಕೈಹಿಡಿದು ನಡೆಸಿದ್ದರು.

ಅವಳು ಎದ್ದು ಸೆರಗಿನಿಂದಲೇ ಹಲಗೆ ಒರೆಸಿದಳು. ಮೆಷಿನ್ ನಿಲ್ಲಿಸಿ ಎಲ್ಲರನ್ನೂ ಕರೆದು, ಇನ್ನು ಮೊದಲಿನ ಹಾಗೇ ಮಾತಾಡಿ ಎಂದಳು. ಯಾರೂ ಮಾತಾಡಲಿಲ್ಲ. ಮಾತಾಡು ಅಂದರೆ ಬರುತ್ತದೆಯೇ? ಗರಗಸದವನು ಬಾಯಿ ತೆರೆದು ಮುಚ್ಚಿದ. ಸ್ಪಂಜಿನವನು ಮೊಳೆ ಎಣಿಸುತ್ತ ನಿಂತ. ಅಜ್ಜ ನಿಟ್ಟುಸಿರು ಬಿಟ್ಟು ಚೀಲ ಎತ್ತಿಕೊಂಡು ಬಾಗಿಲ ಕಡೆಗೆ ತಿರುಗಿದರು.

“ಹೇಳ್ಬಾರ್ದು, ಆದ್ರೂ ಹೇಳ್ತೀನಿ” ಎಂದಳು ಯಜಮಾನ್ತಿ. “ನೀವು ಹೋದ್ರೆ ನಾನು ಈ ಬಾಗ್ಲು ಮುಚ್ತೀನಿ.”

ಚಿಕ್ಕಮ್ಮ ಕಿಸಕ್ಕೆಂದಳು, ಸ್ಪಂಜಿನವನು ಬಾಯಿಗೆ ಕೈ ಅಡ್ಡ ಹಿಡಿದ. ಅಜ್ಜನ ತುಟಿ ಕೂಡ ಬಿರಿಯಿತು.

“ಏನಾಯ್ತು?” ಎಂದಳು ಅವಳು.

“ಹಲಗೆ ಮೇಲೆ ನಾಲ್ಕನೇದು ಬರೀಬೇಕಿತ್ತು” ಎಂದಳು ಚಿಕ್ಕಮ್ಮ. “ಹೇಳ್ಬಾರ್ದು, ಆದ್ರೂ ಹೇಳ್ತೀನಿ ಅನ್ನದೆ ನೀನು ಯಾವತ್ತು ಬೈದಿದೀಯ? ಬೆಕ್ಕಿಗೆ ಗಂಟೆ ಕಟ್ಟೋರು ಯಾರು ಅಂತ ಸುಮ್ನಿದ್ವಿ. ನಂಗೇನು, ಹೇಳ್ದೆ ಅಷ್ಟೆ.”

ತನ್ನ ಎಲೆಯಲ್ಲಿ ಹೆಗ್ಗಣ ಬಿದ್ದಿರುವಾಗ ಪಕ್ಕದ ಎಲೆಯ ನೊಣ ಎಣಿಸಿದ್ದೆನಲ್ಲ ಅಂತ ಅವಳಿಗೇ ನಗು ಬಂತು.

“ಗಾಡಿ ಕಂಬದ ಹತ್ರ ಇದೆ ಅಜ್ಜ, ಅರ್ಥ ಆಯ್ತಾ?” ಎಂದ ಸ್ಪಂಜಿನವನು.

“ಏನಪ್ಪಾ ಅಂದ್ರೆ, ಮೆಷಿನ್ ಹಾಕಿಲ್ಲ” ಎಂದ ಗರಗಸದವನು.

ಅಜ್ಜ ಕೋಲನ್ನು ಬಾಗಿಲ ಹಿಂದೆ ಒರಗಿಸಿದರು. ಕಂಬದ ಹತ್ತಿರ ಗಾಡಿಯನ್ನು ಬಳಸಿದರು. ಚಿಕ್ಕಮ್ಮ ನಿಂತಿದ್ದ ಒದ್ದೆ ನೆಲವನ್ನು ದಾಟಿದರು. ಕೈ ಚಾಚಲಿಲ್ಲ, ತಡವರಿಸಲಿಲ್ಲ. ಈ ನಡಿಗೆಯನ್ನು ಯಜಮಾನ್ತಿ ಚಿಕ್ಕಂದಿನಿಂದ ನೋಡಿದ್ದಳು. ನಿಜವಾಗಿ ನೋಡಿದ್ದು ಅವತ್ತೇ. ಉಸಿರಾಡಿದರೆ ಎಲ್ಲಿ ಕೆಡುತ್ತದೋ ಅನ್ನುವ ಹಾಗೆ ಅವಳು ನಿಂತೇ ಇದ್ದಳು.

ಗರಗಸದ ಎದುರು ಬಂದ ಅಜ್ಜ ನಿಂತರು.

“ಇನ್ನೊಂದ್ಸಲ ಅನ್ನಪ್ಪ” ಎಂದರು.

“ಏನು?”

“ಅದೇ, ಏನಪ್ಪಾ ಅಂದ್ರೆ.”

ಅವನು ಅಂದ. ಅಜ್ಜ ತಲೆ ವಾಲಿಸಿ ಕೇಳಿಸಿಕೊಂಡರು.

“ದನಿ ಕುಂದಿದೆಯಲ್ಲ, ಮನೇಲಿ ಯಾರಿಗೆ ಹುಷಾರಿಲ್ಲ?” ಎಂದು ಮೆಲ್ಲಗೆ ಕೇಳಿದರು.

ಗರಗಸದವನ ಕೈಯಲ್ಲಿದ್ದ ಮರದ ತುಂಡು ಕೆಳಗೆ ಬಿತ್ತು. ಅವನ ಹೆಂಡತಿಯನ್ನು ಆಸ್ಪತ್ರೆಗೆ ಸೇರಿಸಿ ಐದು ದಿನವಾಗಿತ್ತು. ಯಾರಿಗೂ ಹೇಳಿರಲಿಲ್ಲ. ಮಾತು ಹೇಗೆ ಶುರು ಮಾಡಬೇಕೆಂದು ಅವನಿಗೆ ತಿಳಿದಿರಲಿಲ್ಲ.

ಯಜಮಾನ್ತಿ ಒಂದು ಕುರ್ಚಿ ತಂದು ಅವನ ಹಿಂದೆ ಇಟ್ಟಳು. ಅವನು ಕೂತ. ಮುಖ ಒರೆಸಿಕೊಂಡ.

“ಏನಪ್ಪಾ ಅಂದ್ರೆ…” ಎಂದು ಶುರು ಮಾಡಿ, ಅಲ್ಲೇ ನಿಲ್ಲಿಸಿದ.

ಎಲ್ಲರೂ ಕಾದರು. ಯಜಮಾನ್ತಿಯೂ ಅವನ ಪಕ್ಕದಲ್ಲಿ ನೆಲದ ಮೇಲೆ ಕೂತಳು.